ಪ್ರತಿಕ್ರಿಯೆ: ಹೊಟ್ಟೆ ಕ್ಯಾನ್ಸರ್ ಆಪರೇಷನ್ ಆದಮೇಲೆ ರೇಡಿಯೇಷನ್ನೂ ಬೇಕಾ?

ಆಪರೇಷನ್ ಆದ ನಿಮ್ಮ ತಂದೆಯವರಿಗೆ ಒಬ್ಬ ವೈದ್ಯರು ಕೀಮೋ ಸಾಕು, ಇನ್ನೊಬ್ಬರು ರೇಡಿಯೇಷನ್ನೂ ಬೇಕು ಅಂದಿದ್ದಕ್ಕೆ ಕಾರಣ ಬಹುಶಃ ಲಿಂಫ್ ಗಂಟುಗಳು, ಅಂದರೆ ಹೊಟ್ಟೆಯ ಸುತ್ತ ಇರುವ, ಕ್ಯಾನ್ಸರ್ ಹರಡಬಹುದಾದ ಸಣ್ಣ ಗ್ರಂಥಿಗಳು. 2001ರ ಅಮೆರಿಕದ ಅಧ್ಯಯನದಲ್ಲಿ ಆಪರೇಷನ್ ನಂತರ ಕೀಮೋ, ರೇಡಿಯೇಷನ್ ಎರಡೂ ಪಡೆದವರು ಬರೀ ಆಪರೇಷನ್ ಆದವರಿಗಿಂತ ಜಾಸ್ತಿ ಕಾಲ ಬದುಕಿದರು. ಆದರೆ ಅಲ್ಲಿ ಹೆಚ್ಚಿನವರಿಗೆ ಗಂಟುಗಳನ್ನು ಪೂರ್ತಿ ತೆಗೆದಿರಲಿಲ್ಲ. ಪೂರ್ತಿ ತೆಗೆದವರ ಮೇಲೆ ಕೊರಿಯಾದಲ್ಲಿ ನಡೆದ ಅಧ್ಯಯನದಲ್ಲಿ, ಕೀಮೋಗೆ ರೇಡಿಯೇಷನ್ ಸೇರಿಸಿದ್ದರಿಂದ ಒಟ್ಟಾರೆ ಲಾಭ ಕಾಣಲಿಲ್ಲ.

ಮೊದಲು ಆಪರೇಷನ್ ನಂತರದ ಬಯಾಪ್ಸಿ ರಿಪೋರ್ಟ್ ತೆಗೆಯಿರಿ. ಎಷ್ಟು ಗಂಟು ತೆಗೆದರು, 15ಕ್ಕಿಂತ ಕಡಿಮೆಯಾ? ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯಾ? ಹಾಗಿದ್ದರೆ ರೇಡಿಯೇಷನ್ ಮಾತಿಗೆ ತೂಕ ಜಾಸ್ತಿ. ರಿಪೋರ್ಟ್ ನೋಡದೆ ನಾನು ಖಚಿತವಾಗಿ ಹೇಳಲಾರೆ. ಅದನ್ನು ಹಿಡಿದು ಇಬ್ಬರು ವೈದ್ಯರೂ ಒಟ್ಟಿಗೆ ತೀರ್ಮಾನಿಸಲು ಕೇಳಿ, ಸಂಕೋಚ ಬೇಡ.

ರೇಡಿಯೇಷನ್ ಆದರೆ ವಾರಕ್ಕೆ 5 ದಿನ, ಸುಮಾರು 5 ವಾರ. ಶಿರಸಿಯಿಂದ ದಿನಾ ಹುಬ್ಬಳ್ಳಿಗೆ ಓಡಾಡಿಸಬೇಡಿ, ಊಟ ಸೇರದೆ ಸೊರಗುತ್ತಾರೆ. ಅಲ್ಲೇ ರೂಮು ಮಾಡಿ.