ದೇವರು ನನ್ನನ್ನು ಪ್ರೀತಿಸುತ್ತಾನೆ ಅನ್ನುವುದು ಮನಸ್ಸಿಗೆ ಇಳಿಯುತ್ತಿಲ್ಲ, ಏನು ಮಾಡಲಿ?

ನೀವು ಕೇಳಿದ್ದು ಇಷ್ಟು: ಹುಟ್ಟಿನಿಂದ ಕ್ರೈಸ್ತರು, ಸಂಡೇ ಸ್ಕೂಲಿನಲ್ಲಿ ಕಲಿಸುತ್ತೀರಿ, ಸಭೆಯಲ್ಲಿ ಹಾಡುತ್ತೀರಿ. ದೇವರು ನಿಮ್ಮನ್ನು ಪ್ರೀತಿಸುತ್ತಾನೆ ಅಂತ ಮಕ್ಕಳಿಗೆ ದಿನಾ ಹೇಳುತ್ತೀರಿ, ಆದರೆ ಆ ಪ್ರೀತಿ ನಿಮಗೂ ಇದೆ ಅಂತ ಮನಸ್ಸು ಒಪ್ಪುತ್ತಿಲ್ಲ. ಕೆಲವು ತಿಂಗಳಿಂದ ಕರ್ತನ ಭೋಜನಕ್ಕೂ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಹೊತ್ತಿಗೂ, ಏಳದೆ ಬೆಂಚಿನಲ್ಲೇ ಕೂತಿರುತ್ತೀರಿ, ನಾನು ಯೋಗ್ಯಳಲ್ಲ ಅಂತ.

ನಾನು ದೇವಶಾಸ್ತ್ರ ಓದಿದವಳಲ್ಲ. ಧಾರವಾಡದ ಕಡೆಯ ಒಂದು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚಿನಲ್ಲಿ ಬೆಳೆದವಳು. ನಿಮಗಿರುವ ಹೆದರಿಕೆ ನನಗೂ ವರ್ಷಗಟ್ಟಲೆ ಇತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆ ಬೆಂಚಿನ ವಿಷಯ. ನಿಮ್ಮನ್ನು ಕೂರಿಸಿರುವುದು ಬಹುಶಃ ಕೊರಿಂಥದ ಸಭೆಗೆ ಅಪೊಸ್ತಲ ಪೌಲ ಬರೆದ ಮೊದಲ ಪತ್ರದ ವಚನ, 1 ಕೊರಿಂಥ 11:27. ಅಯೋಗ್ಯವಾಗಿ ರೊಟ್ಟಿ ತಿಂದವನು ಅಪರಾಧಿ ಅನ್ನುವ ಮಾತು. ದಯವಿಟ್ಟು ಆರು ವಚನ ಹಿಂದಕ್ಕೆ ಹೋಗಿ ಓದಿ. ಕೊರಿಂಥದ ಸಭೆಯವರು ಒಟ್ಟಿಗೆ ಊಟಕ್ಕೆ ಸೇರುತ್ತಿದ್ದರು. ಉಳ್ಳವರು ಮೊದಲೇ ತಿಂದು, ಕುಡಿದು ಮತ್ತರಾಗುತ್ತಿದ್ದರು. ಇಲ್ಲದವರು ಹಸಿದುಕೊಂಡೇ ಇರುತ್ತಿದ್ದರು. ಪೌಲನಿಗೆ ಸಿಟ್ಟು ಬಂದದ್ದು ಅದಕ್ಕೆ. ಬಡವರಿಗೆ ಅವಮಾನ ಮಾಡಿ ಉಂಡವರನ್ನು ಗದರಿದ ಮಾತು ಅದು. ಅದನ್ನು ಹಿಡಿದುಕೊಂಡು ನೀವು ನಿಮ್ಮನ್ನೇ ಹಸಿದು ಕೂರಿಸುತ್ತಿದ್ದೀರಿ. ಮರುವಚನವನ್ನೂ ನೋಡಿ. ಪ್ರತಿಯೊಬ್ಬನು ತನ್ನನ್ನು ಪರೀಕ್ಷಿಸಿಕೊಂಡು ಆಮೇಲೆ ತಿನ್ನಲಿ ಅಂತಲೇ ಇದೆ. ಪರೀಕ್ಷಿಸಿಕೊಂಡು ಮನೆಗೆ ಹೋಗಲಿ ಅಂತ ಪೌಲ ಎಲ್ಲೂ ಬರೆದಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳುವ ಹೊತ್ತು ಇರುತ್ತದಲ್ವಾ, ಅದು ಎಷ್ಟೋ ಜನರನ್ನು ಒಳಗೊಳಗೇ ನೋಯಿಸುತ್ತದೆ. ಒಬ್ಬರಿಗೆ ವೀಸಾ ಸಿಕ್ಕಿತು, ಇನ್ನೊಬ್ಬರ ಮಗಳಿಗೆ ಸಂಬಂಧ ಕೂಡಿಬಂತು, ಮತ್ತೊಬ್ಬರ ಗಡ್ಡೆ ಕರಗಿತು. ಸ್ತೋತ್ರ ಹೇಳುವುದು ಒಳ್ಳೆಯದೇ, ನಾನೂ ಹೇಳಿದ್ದೇನೆ. ಆದರೆ ಏನೂ ಸಿಗದವರು ಹಿಂದಿನ ಬೆಂಚಿನಲ್ಲಿ ಕೂತು ಲೆಕ್ಕ ಹಾಕುತ್ತಾರೆ: ಅವರ ಮೇಲೆ ದೇವರಿಗೆ ಪ್ರೀತಿ ಜಾಸ್ತಿ, ನನ್ನ ಮೇಲೆ ಇಲ್ಲ. ಈ ಲೆಕ್ಕ ತಪ್ಪು. ಮಾರ್ಕನ ಸುವಾರ್ತೆ ತೆಗೆದರೆ ಮೊದಲನೆಯ ಅಧ್ಯಾಯದಲ್ಲೇ ಗೊತ್ತಾಗುತ್ತದೆ. ಯೊರ್ದನ್ ಹೊಳೆಯಲ್ಲಿ ದೀಕ್ಷಾಸ್ನಾನ ಆದ ಕೂಡಲೇ, ನೀನು ನನ್ನ ಪ್ರಿಯ ಮಗನು, ನಿನ್ನನ್ನು ಮೆಚ್ಚಿದ್ದೇನೆ ಅಂತ ಯೇಸುವಿಗೆ ಪರಲೋಕದಿಂದ ದನಿ ಬರುತ್ತದೆ. ಮಾರ್ಕನ ಪ್ರಕಾರ ಅಷ್ಟರಲ್ಲಿ ಒಂದು ಅದ್ಭುತ ಆಗಿಲ್ಲ, ಒಂದು ಪ್ರಸಂಗ (ಬೋಧನೆ) ಆಗಿಲ್ಲ, ಒಬ್ಬ ಶಿಷ್ಯನೂ ಇಲ್ಲ. ಮೆಚ್ಚುಗೆ ಮೊದಲೇ ಬಂತು. ಮರುಕ್ಷಣವೇ ಆತನು ಹೋದದ್ದು ಅಡವಿಗೆ, 40 ದಿನ. ಪ್ರಿಯ ಮಗನಿಗೇ ಅಡವಿ ತಪ್ಪಲಿಲ್ಲ. ಹಾಗಿದ್ದಮೇಲೆ ನಿಮ್ಮ ಕಷ್ಟದ ಕಾಲವನ್ನು ದೇವರ ಸಿಟ್ಟು ಅಂತ ಯಾಕೆ ಓದುತ್ತೀರಿ?

ಇನ್ನು ಮುಖ್ಯವಾದ ಮಾತು. ನಿಮ್ಮ ಬರಹದ ತುಂಬ ನೀವು ಮಾಡುವ ಕೆಲಸಗಳೇ ಇವೆ. ಕಲಿಸುತ್ತೇನೆ, ಹಾಡುತ್ತೇನೆ, ಉಪವಾಸ ಮಾಡುತ್ತೇನೆ. ನನಗೆ ನೆನಪಾದದ್ದು ಯೇಸುವಿನ ಶಿಷ್ಯ ಪೇತ್ರ. ಯೋಹಾನ 13ರಲ್ಲಿ ಯೇಸು ಊಟದಿಂದ ಎದ್ದು, ಸೊಂಟಕ್ಕೆ ಅಂಗವಸ್ತ್ರ ಕಟ್ಟಿಕೊಂಡು, ಬೋಗುಣಿಯಲ್ಲಿ ನೀರು ಹಾಕಿ ಶಿಷ್ಯರ ಕಾಲು ತೊಳೆಯುತ್ತಾನೆ. ಆಗಿನ ಕಾಲದಲ್ಲಿ ಅದು ಆಳುಗಳ ಕೆಲಸ. ಪೇತ್ರ ಬಿಲ್‌ಕುಲ್ ಬೇಡ ಅನ್ನುತ್ತಾನೆ. ಯೇಸುವಿಗಾಗಿ ದೋಣಿ, ಬಲೆ ಎಲ್ಲ ಬಿಟ್ಟು ಬಂದವನಿಗೆ ಸುಮ್ನೆ ಕೂತು ಕಾಲು ಚಾಚುವುದು ಆಗಲಿಲ್ಲ. ತೊಳೆಯಿಸಿಕೊಳ್ಳದಿದ್ದರೆ ನನ್ನಲ್ಲಿ ನಿನಗೆ ಪಾಲಿಲ್ಲ ಅನ್ನುತ್ತಾನೆ ಯೇಸು. ಅದೇ ರಾತ್ರಿ ಕೋಳಿ ಕೂಗುವ ಮೊದಲು ಈ ಪೇತ್ರ ಮೂರು ಸಲ ನನಗೆ ಅವನು ಗೊತ್ತಿಲ್ಲ ಅನ್ನುತ್ತಾನೆ ಅಂತ ಯೇಸುವಿಗೆ ಗೊತ್ತಿತ್ತು. ಅದೇ ಅಧ್ಯಾಯದಲ್ಲಿ ಬಾಯಿಬಿಟ್ಟು ಹೇಳುತ್ತಾನೆ ಕೂಡ. ಗೊತ್ತಿದ್ದೇ ತೊಳೆದ. ನಿಮ್ಮ ಬಗ್ಗೆ ದೇವರಿಗೆ ಇನ್ನು ಮೇಲೆ ತಿಳಿದು ಬೇಸರವಾಗುವಂಥದ್ದು ಏನೂ ಉಳಿದಿಲ್ಲ.

ನಮ್ಮ ಅವ್ವನಿಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದಾಗ ಇದು ನನಗೆ ಕಣ್ಣೆದುರಿಗೆ ಕಂಡಿತು. ಜೀವನ ಪೂರ್ತಿ ಬೇರೆಯವರಿಗೆ ಮಾಡಿ ಹಾಕಿದ ಜೀವ ಅದು. ನಾನು ಬಿಸಿನೀರಿನ ಬಕೆಟ್ ತಂದು ಅವಳ ಕಾಲು ಹಿಡಿದರೆ, "ಬ್ಯಾಡವಾ, ನೀ ಯಾಕ ತೊಳೀತಿ" ಅಂತ ಆಡುವ ಕೈಯಿಂದ ನನ್ನ ಕೈ ತಳ್ಳುತ್ತಿದ್ದಳು. ಹಿಮ್ಮಡಿ ಒಡೆದು ಅದರಲ್ಲಿ ಕೊಳೆ ಕೂತಿತ್ತು, ಅದು ನನಗೆ ಕಾಣಬಾರದು ಅನ್ನುವ ನಾಚಿಕೆ. ವಾರಗಟ್ಟಲೆ ಹೀಗೇ ನಡೆಯಿತು. ಒಂದಿನ ತಳ್ಳಲಿಲ್ಲ. ಅಷ್ಟೇ. ನನಗೆ ಅವಳ ಮೇಲೆ ಪ್ರೀತಿ ಆವತ್ತು ಶುರುವಾದದ್ದಲ್ಲ, ಮೊದಲಿನಿಂದ ಇದ್ದದ್ದೇ. ಅವಳು ತಡೆಯುವುದನ್ನು ಬಿಟ್ಟಳು. ದೇವರ ಪ್ರೀತಿಯನ್ನು ಒಪ್ಪಿಕೊಳ್ಳುವುದು ಅಂದರೆ ನನ್ನ ಮಟ್ಟಿಗೆ ಇದೇ. ಹೊಸದಾಗಿ ಏನನ್ನೋ ಸಾಧಿಸಬೇಕಾಗಿಲ್ಲ, ಬೇಡ ಅನ್ನುವ ಕೈಯನ್ನು ಕೆಳಗಿಳಿಸಿದರೆ ಸಾಕು.

ಮನಸ್ಸಿಗೆ ಏನೂ ಅನಿಸುತ್ತಿಲ್ಲ ಅಂದಿರಿ. ಅನಿಸಲೇಬೇಕು ಅಂತಿಲ್ಲ. ಬೀದರ್, ಕೋಲಾರದ ಕಡೆಯ ಮೆಥಡಿಸ್ಟ್ ಸಭೆಗಳ ಹೆಸರು ಕೇಳಿರುತ್ತೀರಿ. ಆ ಪಂಗಡದ ಮೂಲಪುರುಷ ಜಾನ್ ವೆಸ್ಲಿ. ಆಕ್ಸ್‌ಫರ್ಡಿನಲ್ಲಿ ಉಪವಾಸ ಮಾಡುತ್ತ, ಜೈಲಿನ ಕೈದಿಗಳನ್ನು ನೋಡಲು ಹೋಗುತ್ತ ಇದ್ದ ಪಾದ್ರಿ. ಸುವಾರ್ತೆ ಸಾರಲು ಅಮೆರಿಕದ ಜಾರ್ಜಿಯಾಕ್ಕೂ ಹೋಗಿ, ಸೋತು ಲಂಡನ್ನಿಗೆ ಮರಳಿದ. 1738ರ ಮೇ 24ರ ಸಂಜೆ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಇಷ್ಟವಿಲ್ಲದೆ ಹೋಗಿದ್ದ. ಪೌಲ ರೋಮಾಪುರದವರಿಗೆ ಬರೆದ ಪತ್ರಕ್ಕೆ ಜರ್ಮನಿಯ ಸಭಾ ಸುಧಾರಕ ಲೂಥರ್ ಬರೆದ ಮುನ್ನುಡಿಯನ್ನು ಅಲ್ಲಿ ಯಾರೋ ಓದುತ್ತಿದ್ದರು. ಕೇಳುತ್ತಾ ಕೇಳುತ್ತಾ ಎದೆ ಬೆಚ್ಚಗಾಯಿತು, ಕ್ರಿಸ್ತನು ನನ್ನ ಪಾಪವನ್ನೂ ತೆಗೆದುಹಾಕಿದ್ದಾನೆ ಅಂತ ಭರವಸೆ ಬಂತು ಅಂತ ಅವನೇ ದಿನಚರಿಯಲ್ಲಿ ಬರೆದಿದ್ದಾನೆ. ಪ್ರಸಂಗಗಳಲ್ಲಿ ಇಷ್ಟನ್ನೇ ಹೇಳಿ ನಿಲ್ಲಿಸಿಬಿಡುತ್ತಾರೆ. ಮುಂದಿನ ಸಾಲುಗಳು ನಮ್ಮಂಥವರಿಗೆ ಇನ್ನೂ ಬೇಕಾದವು. ಸ್ವಲ್ಪ ಹೊತ್ತಿನಲ್ಲೇ, ಇದು ನಂಬಿಕೆಯೇ ಆಗಿದ್ದರೆ ನಿನ್ನ ಸಂತೋಷ ಎಲ್ಲಿ ಅಂತ ಒಳಗೆ ಪ್ರಶ್ನೆ ಎದ್ದಿತಂತೆ. ಸಂತೋಷ ಕೊಡುವುದೂ ಕೊಡದಿರುವುದೂ ದೇವರಿಗೆ ಬಿಟ್ಟದ್ದು ಅಂತ ಸಮಾಧಾನ ಮಾಡಿಕೊಂಡ. ವೆಸ್ಲಿಗೇ ಹಾಗಾಗಿದ್ದರೆ ನಿಮ್ಮ ಬರಡು ದಿನಗಳು ಏನನ್ನೂ ರುಜುವಾತು ಮಾಡುವುದಿಲ್ಲ.

ಒಂದು ಎಚ್ಚರಿಕೆ. ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನಿಸುತ್ತಿದ್ದರೆ ಅದನ್ನು ನಂಬಿಕೆಯ ಕೊರತೆ ಅಂತ ಅಂದುಕೊಳ್ಳಬೇಡಿ, ಯಾರಾದರೂ ಹಾಗೆ ಅಂದರೂ ಕೇಳಬೇಡಿ. ಡಾಕ್ಟರ ಹತ್ತಿರ ಹೋಗಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಪ್ರಾರ್ಥನೆಯೂ ನಡೆಯಲಿ, ಔಷಧಿ ಬೇಕಿದ್ದರೆ ಅದೂ ನಡೆಯಲಿ.

ಮುಂದಿನ ಕರ್ತನ ಭೋಜನದ ದಿನ ಎದ್ದು ಹೋಗಿ. ಒಬ್ಬರೇ ಏಳಲು ಧೈರ್ಯ ಸಾಲದಿದ್ದರೆ ಪಕ್ಕದಲ್ಲಿ ಕೂತ ಹಿರಿಯರೊಬ್ಬರಿಗೆ ಮೊದಲೇ ಹೇಳಿಡಿ, ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಮೊಣಕಾಲೂರಿದಾಗ ಅಯ್ಯನವರು (ಪಾದ್ರಿ) ರೊಟ್ಟಿಯನ್ನು ಅಂಗೈಯಲ್ಲಿ ಇಡುತ್ತಾರೆ. ಆ ಹೊತ್ತಿಗೆ ಏನನ್ನೂ ಅನಿಸಿಕೊಳ್ಳಲು ಪ್ರಯತ್ನಿಸಬೇಡಿ. ಕೊಟ್ಟದ್ದನ್ನು ತಿನ್ನಿ, ಆಮೆನ್ ಅನ್ನಿ, ಬಂದು ಕೂತುಕೊಳ್ಳಿ.