ನೈರೋಬಿಗೆ ಬರುವ ಮುಂಚೆ

ನೈರೋಬಿಯ ಪೇಮೆಂಟ್ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದೆ, ಅಲ್ಲಿ ನೆಟ್ ಹೇಗಿದೆ, ಎರಡು ವರ್ಷ ಇದ್ದರೆ ನನ್ನ ಕಲಿಕೆ ಹಿಂದೆ ಬೀಳುತ್ತದಾ ಅಂತ ಕೇಳಿದ್ದೀರಿ. ನಾನು ಇಲ್ಲಿಗೆ ಬಂದದ್ದು 2008ರಲ್ಲಿ. ಎರಡನೇ ಪ್ರಶ್ನೆಗೇ ಮೊದಲು ಹೇಳಿಬಿಡುತ್ತೇನೆ: ಹಿಂದೆ ಬೀಳುವುದಿಲ್ಲ. ಆದರೆ ಇವರಿಗೆ ಕಲಿಸಲಿಕ್ಕೆ ಬಂದಿದ್ದೇನೆ ಅನ್ನುವ ಭಾವನೆ ಹೊತ್ತು ಬಂದರೆ ಕಷ್ಟವಾಗುತ್ತದೆ.

ನಾನು ಬಂದಾಗ ಹೊರಜಗತ್ತಿನ ಇಂಟರ್ನೆಟ್ ಎಲ್ಲ ಉಪಗ್ರಹದ ಮೂಲಕ. ಆಫೀಸಿನಲ್ಲಿ ಒಬ್ಬರು ದೊಡ್ಡ ಫೈಲ್ ಡೌನ್‌ಲೋಡಿಗೆ ಹಾಕಿದರೆ ಉಳಿದವರು ಕೈಕಟ್ಟಿ ಕೂರಬೇಕಿತ್ತು. 2009ರಲ್ಲಿ ಸೀಕಾಮ್, ಟೀಮ್ಸ್ ಅನ್ನುವ ಎರಡು ಸಮುದ್ರದಡಿಯ ಕೇಬಲ್‌ಗಳು ಕರಾವಳಿಯ ಮೊಂಬಾಸಾಕ್ಕೆ ಬಂದವು, ಮರುವರ್ಷ ಈಸ್ಸಿ. ಈಗ ಊರಿನ ಬಹಳಷ್ಟು ಅಪಾರ್ಟ್‌ಮೆಂಟ್‌ಗಳಿಗೆ ಫೈಬರ್ ಇದೆ, ಮನೆಯಿಂದ ವಿಡಿಯೊ ಕಾಲ್ ಮಾಡಲು ತೊಂದರೆಯಿಲ್ಲ. ಆದರೂ 2024ರ ಮೇ ತಿಂಗಳಲ್ಲಿ ಈಸ್ಸಿ, ಸೀಕಾಮ್ ಎರಡೂ ಒಟ್ಟಿಗೆ ತುಂಡಾಗಿ ನೆಟ್ ತೆವಳಿತ್ತು. ಅಂಥ ದಿನ ಮತ್ತೆ ಬರುತ್ತದೆ ಅಂದುಕೊಂಡೇ ಇಲ್ಲಿ ಸಿಸ್ಟಂ ಕಟ್ಟುತ್ತೇವೆ.

ನೀವು ಮುಖ್ಯವಾಗಿ ತಿಳಿಯಬೇಕಾದದ್ದು ಬೇರೆ. ಮೊಬೈಲಿನಿಂದ ಹಣ ಕಳಿಸುವ ಎಂ-ಪೆಸಾ ಸೇವೆ ಶುರುವಾದದ್ದು 2007ರ ಮಾರ್ಚ್‌ನಲ್ಲಿ, ಕೇಬಲ್ ಬರುವುದಕ್ಕೂ ಎರಡು ವರ್ಷ ಮುಂಚೆ. ಪೆಸಾ ಅಂದರೆ ಸ್ವಾಹಿಲಿಯಲ್ಲಿ ದುಡ್ಡು, ನಮ್ಮ ಪೈಸೆಯ ನೆಂಟ. ಸಿಮ್ ಕಾರ್ಡಿನೊಳಗಿನ ಮೆನು, ಒಂದು ಎಸ್ಎಂಎಸ್, ಬೀದಿಯಲ್ಲಿ ಹಸಿರು ಬಣ್ಣದ ಏಜೆಂಟ್ ಅಂಗಡಿ, ಇಷ್ಟರಿಂದಲೇ ಹಣ ಊರಿಂದೂರಿಗೆ ಹೋಯಿತು. ಇಂಟರ್ನೆಟ್ ಬರಲಿ ಅಂತ ಯಾರೂ ಕಾಯಲಿಲ್ಲ. ಇಲ್ಲಿಯ ಸಾಫ್ಟ್‌ವೇರ್‌ನ ಬೇರು ಅಲ್ಲಿದೆ.

ನನ್ನ ಮೊದಲ ಪ್ರಾಜೆಕ್ಟ್ ಬಿದ್ದದ್ದು ಇದನ್ನು ತಿಳಿಯದ್ದಕ್ಕೆ. ಹಾಲು ಹಾಕುವ ರೈತರ ಲೆಕ್ಕಕ್ಕೆ ನಾವೊಂದು ಅಂದವಾದ ವೆಬ್‌ಸೈಟ್ ಮಾಡಿದೆವು, ಲಾಗಿನ್‌ಗೆ ಇಮೇಲ್ ಕೇಳಿದೆವು. ರೈತರ ಹತ್ತಿರ ಇದ್ದದ್ದು ಬಟನ್ ಫೋನ್. ಆರು ತಿಂಗಳ ದುಡಿಮೆ ಹೋಯಿತು. ಮತ್ತೆ ಯುಎಸ್ಎಸ್‌ಡಿಯಲ್ಲಿ, ಅಂದರೆ ನೆಟ್ ಇಲ್ಲದ ಬಟನ್ ಫೋನಿನಲ್ಲೂ ಒಂದು ನಂಬರ್ ಒತ್ತಿದರೆ ತೆರೆಯುವ ಮೆನುವಿನಲ್ಲಿ, ಬರೆಯಲು ಕೂತಾಗ ಒಂದು ಪರದೆಗೆ ಸಿಕ್ಕಿದ್ದು 182 ಅಕ್ಷರ. ಅದರೊಳಗೆ ಪ್ರಶ್ನೆಯೂ ಇರಬೇಕು, ಆಯ್ಕೆಗಳೂ ಇರಬೇಕು, ರೈತ ಯೋಚಿಸುತ್ತ ನಿಂತರೆ ಸೆಷನ್ ಕಡಿದುಹೋಗುತ್ತದೆ. ಯಾವ ಮಾತು ಬೇಕು, ಯಾವುದು ಬೇಡ ಅಂತ ನಾನು ಕಲಿತದ್ದು ಆ 182 ಅಕ್ಷರದಲ್ಲಿ.

ಬಂದ ಮೊದಲ ವಾರದಲ್ಲೇ ಗಿಕೊಂಬಾ ಮಾರುಕಟ್ಟೆಗೆ ಹೋಗಿ ಒಂದು ಹಳೆ ಸ್ವೆಟರ್ ಕೊಳ್ಳಿ. ಎಂ-ಪೆಸಾದಲ್ಲಿ ಹಣ ಕಳಿಸಿದೆ ಅಂತ ನಿಮ್ಮ ಫೋನ್ ತೋರಿಸಿದರೆ ಅಂಗಡಿಯಾಕೆ ಅದನ್ನು ನೋಡುವುದೇ ಇಲ್ಲ. ತನ್ನ ಫೋನ್ ಗುಂಯ್ ಅನ್ನುವವರೆಗೆ ಕಾಯುತ್ತಾಳೆ, ಒಡೆದ ಪರದೆಯನ್ನು ಬಿಸಿಲಿಗೆ ಮರೆ ಮಾಡಿ ಹೆಸರು, ಮೊತ್ತ ಓದುತ್ತಾಳೆ, ಆಮೇಲೆ ಚೀಲ ಕೈಗಿಡುತ್ತಾಳೆ. ನೀವು ಬರೆಯುವ ಕೋಡ್‌ಗೂ ಅದೇ ಶಿಸ್ತು ಬೇಕು. ಪಾವತಿಯ ಕಾಲ್‌ಬ್ಯಾಕ್, ಅಂದರೆ ಹಣ ಬಂತು ಅಂತ ನಿಮ್ಮ ಸಿಸ್ಟಂಗೆ ಬರುವ ಸಂದೇಶ, ತಡವಾಗಿ ಬರಬಹುದು, ಎರಡು ಸಲ ಬರಬಹುದು, ಬರದೆಯೂ ಇರಬಹುದು. ಗ್ರಾಹಕನ ಪರದೆ ಏನು ಹೇಳಿತು ಅನ್ನುವುದು ಲೆಕ್ಕಕ್ಕಿಲ್ಲ, ನಿಮ್ಮ ಖಾತೆಗೆ ಬಂತಾ ಅನ್ನುವುದೇ ಲೆಕ್ಕ. ಇಷ್ಟು ಗಟ್ಟಿಯಾಗಿ ಇದನ್ನು ನನಗೆ ಯಾವ ಸೀನಿಯರ್ ಇಂಜಿನಿಯರೂ ಕಲಿಸಿರಲಿಲ್ಲ.

ಜೊತೆಯವರ ಬಗ್ಗೆ ಚಿಂತೆ ಬೇಡ. 2008ರ ಚುನಾವಣೋತ್ತರ ಗಲಭೆಯ ಸುದ್ದಿಗಳನ್ನು ನಕ್ಷೆಯ ಮೇಲೆ ಗುರುತಿಸಲು ಉಶಾಹಿದಿ ಅನ್ನುವ ವೆಬ್‌ಸೈಟ್ ಕಟ್ಟಿದ ನೆಲ ಇದು. 2010ರಲ್ಲಿ ನ್ಗಾಂಗ್ ರಸ್ತೆಯಲ್ಲಿ ಐಹಬ್ ಅನ್ನುವ ಟೆಕ್ ಮಂದಿಯ ತಾಣ ತೆರೆದಾಗ ಸಂಜೆ ಹೊತ್ತು ಅಲ್ಲಿ ಸೇರುತ್ತಿದ್ದ ಹುಡುಗ ಹುಡುಗಿಯರು ಈಗ ದೊಡ್ಡ ದೊಡ್ಡ ತಂಡ ನಡೆಸುತ್ತಿದ್ದಾರೆ. ಬೆಳಿಗ್ಗೆ ಅವರನ್ನು ಕಂಡ ಕೂಡಲೇ ಕೊಟ್ಟ ಕೆಲಸ ಏನಾಯಿತು ಅಂತ ಕೇಳಬೇಡಿ. ಸ್ವಾಹಿಲಿಯಲ್ಲಿ ‘ಹಬಾರಿ’ (ಹೇಗಿದ್ದೀರಿ) ಅನ್ನಿ, ಮನೆಯವರನ್ನು ವಿಚಾರಿಸಿ, ಆಮೇಲೆ ಕೆಲಸದ ಮಾತು. ಭಾರತೀಯರು ಇಲ್ಲಿ ಬಹಳ ಇದ್ದಾರೆ, ರೈಲು ಹಾಕಿದ ಕಾಲದಿಂದಲೂ. ಅವರ ನಡುವೆಯೇ ಉಳಿದುಬಿಟ್ಟರೆ ಸ್ವಾಹಿಲಿ ಬರುವುದಿಲ್ಲ.

ಕೊನೆಗೆ ಕಾಗದಪತ್ರ. ಪ್ರವಾಸಿಯಾಗಿ ಇಟಿಎ (ಆನ್‌ಲೈನ್ ಪ್ರವೇಶ ಅನುಮತಿ) ಮೇಲೆ ಬಂದು ಕೆಲಸ ಶುರು ಮಾಡಿ, ಪರ್ಮಿಟ್ ಆಮೇಲೆ ಆಗುತ್ತದೆ ಅಂತ ಕಂಪನಿಯವರು ಹೇಳಿದರೆ ಒಪ್ಪಬೇಡಿ. ಕ್ಲಾಸ್ ಡಿ ವರ್ಕ್ ಪರ್ಮಿಟ್ ಮಂಜೂರಾದ ಪತ್ರ ಕೈಗೆ ಬಂದ ಮೇಲೆಯೇ ನಿಮ್ಮ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಿ.