ಕತ್ತಿಯಿಲ್ಲದೆ ತೋಟದಲ್ಲಿ ಇಪ್ಪತ್ತು ನಿಮಿಷ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಾಯಿಸಿ, ಸಂಬಂಧಪಟ್ಟವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ.

ಫೆಬ್ರುವರಿ ಕೊನೆಯ ವಾರ ನನ್ನ ಬಳಿ ಬಂದ ಮಹಿಳೆಗೆ ಸುಮಾರು 40 ವರ್ಷ. ಕೊಡಗಿನ ಸುಂಟಿಕೊಪ್ಪ ಕಡೆಯವರು. ಸಹಕಾರ ಸಂಘವೊಂದರಲ್ಲಿ ಗುಮಾಸ್ತೆಯ ಕೆಲಸ, ಮನೆಯಲ್ಲಿ ಮೂರು ಎಕರೆ ರೊಬಸ್ಟಾ ಕಾಫಿ ತೋಟ, ಪಿಕಪ್ ಓಡಿಸುವ ಗಂಡ, ವಯಸ್ಸಾದ ಅತ್ತೆ, ದ್ವಿತೀಯ ಪಿಯುಸಿ ಓದುತ್ತಿರುವ ಮಗಳು. ಕುರ್ಚಿಯ ಅಂಚಿನಲ್ಲಿ ಕುಳಿತು, ಫೋನನ್ನು ಮಡಿಲಲ್ಲಿಟ್ಟುಕೊಂಡು, ಮಾತಿನ ನಡುವೆ ನಾಲ್ಕೈದು ಸಲ ಕಿಟಕಿಯಾಚೆ ನೋಡಿದರು. ಏನೆಂದು ಕೇಳಿದಾಗ, "ಕಣದಲ್ಲಿ ಕಾಫಿ ಹರಡಿದ್ದೇವೆ ಮೇಡಂ, ಮೋಡ ಕಟ್ಟಿದರೆ ಟಾರ್ಪಾಲು ಎಳೆಯಲು ಅತ್ತೆ ಒಬ್ಬರಿಂದ ಆಗುವುದಿಲ್ಲ" ಎಂದರು.

ನಸುಕಿನ ಮೂರಕ್ಕೇ ಎಚ್ಚರವಾಗುವುದು, ಎದೆ ಬಿಗಿಯುವುದು, ಹೆಗಲು ನೋವು, ನಿದ್ದೆಯಲ್ಲಿ ಹಲ್ಲು ಕಡಿಯುವುದು, ಮಗಳ ಮೇಲೆ ರೇಗಿ ಆಮೇಲೆ ಒಬ್ಬರೇ ಅಳುವುದು, ಇವು ಅವರ ದೂರುಗಳು. ಮೊದಲು ವೈದ್ಯರ ಬಳಿಗೆ ಕಳುಹಿಸಿದೆ. ರಕ್ತದೊತ್ತಡ, ಥೈರಾಯ್ಡ್, ಇಸಿಜಿ ಎಲ್ಲವೂ ಸರಿಯಾಗಿದ್ದವು. ದೇಹದಲ್ಲಿ ತೊಂದರೆಯಿಲ್ಲವೆಂದು ಖಚಿತವಾಗುವ ಮುನ್ನವೇ ಎದೆಯ ಬಿಗಿತವನ್ನು ಮನಸ್ಸಿನ ಖಾತೆಗೆ ಬರೆಯುವುದು ತಪ್ಪು.

ಅವರ ವರ್ಷದಲ್ಲಿ ಮಾರ್ಚ್ ಹೇಗಿರುತ್ತದೆಂದು ಕೇಳಿದೆ. ಕಾಫಿ ಕುಯ್ಲಿನ ಕೊನೆ, ಕರಿಮೆಣಸು ಕುಯ್ಲು, ಕಾಫಿ ಹೂ ಅರಳಿಸುವ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್‌ಗೆ ಡೀಸೆಲ್, ಸಂಘದಲ್ಲಿ 31ರ ವರ್ಷಾಂತ್ಯದ ಲೆಕ್ಕ, ಜೊತೆಗೆ ಮಗಳ ಪರೀಕ್ಷೆ. ಹಣ್ಣು ಗಿಡದಲ್ಲಿರುವಾಗಲೇ ಮಳೆ ಬಿದ್ದರೂ ಕಷ್ಟ, ಕುಯ್ಲು ಮುಗಿದ ಮೇಲೆ ಒಂದಿಂಚಾದರೂ ಬೀಳದಿದ್ದರೂ ಕಷ್ಟ. ತೋಟದಲ್ಲಿ ಆನೆ ಎದುರಾದಾಗ ಅಡ್ರಿನಲಿನ್ ಏರಿ, ಎದೆ ಬಡಿದುಕೊಂಡು, ಸ್ನಾಯುಗಳು ಬಿಗಿಯುವುದು ನಮ್ಮನ್ನು ಕಾಪಾಡುವುದಕ್ಕೇ. ಆನೆ ಹೋದ ಮೇಲೆ ದೇಹ ಸಡಿಲವಾಗುತ್ತದೆ. ಆದರೆ ನಾಳೆ ಎಷ್ಟು ಆಳು ಬರುತ್ತಾರೆಂದು ಹೇಳುವ ಮೇಸ್ತ್ರಿಯ ಫೋನು ರಾತ್ರಿ ಒಂಬತ್ತಕ್ಕೂ ಬರುತ್ತದೆ, ಆ ದೇಹಕ್ಕೆ ಆನೆ ಹೋಗುವುದೇ ಇಲ್ಲ. ಇದನ್ನು ಕೇಳಿ ಅವರು ಮೊದಲ ಸಲ ನಕ್ಕರು.

ನನ್ನ ಮೊದಲ ಸಲಹೆ ಕೆಲಸಕ್ಕೆ ಬರಲಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಕುಳಿತುಕೊಳ್ಳಿ ಎಂದಿದ್ದೆ. ವಾರದ ನಂತರ ಅವರು ತಪ್ಪೊಪ್ಪಿಕೊಳ್ಳುವವರಂತೆ ಬಂದು, ಎರಡೇ ದಿನ ಆಯಿತು ಎಂದರು. ಆಗಲೇ ತುಂಬಿದ್ದ ದಿನಕ್ಕೆ ನಾನು ಇನ್ನೊಂದು ಕೆಲಸವನ್ನೂ, ಅದು ಆಗಲಿಲ್ಲವೆಂಬ ಅಳುಕನ್ನೂ ಸೇರಿಸಿದ್ದೆ. ಕೆಲಸ ಮುಗಿದ ಮೇಲೆ ಉಳಿಯುವ ಹೊತ್ತೇ ವಿಶ್ರಾಂತಿ ಎಂದು ಅವರು ತಿಳಿದಿದ್ದರು, ನಾನೂ ಅದನ್ನೇ ಒಪ್ಪಿಕೊಂಡು ಹೊತ್ತು ಹುಡುಕಿದ್ದೆ; ಕೊಡಗಿನಲ್ಲಿ ಮಾರ್ಚ್ ತಿಂಗಳಲ್ಲಿ ಅಂಥ ಹೊತ್ತು ಉಳಿಯುವುದಿಲ್ಲ.

ಆದ್ದರಿಂದ ದಿನದಲ್ಲಿ ಈಗಾಗಲೇ ಇರುವ ಸಮಯವನ್ನೇ ನೋಡಿದೆವು. ಭಾನುವಾರ ತೋಟ ಸುತ್ತುತ್ತೇನೆ, ಅದೇ ನನ್ನ ವಿರಾಮ ಎಂದರು. ಕೈಯಲ್ಲಿ ಏನಿರುತ್ತದೆ ಎಂದೆ. "ಕತ್ತಿ." ಕತ್ತಿ ಹಿಡಿದವರ ಕಣ್ಣಿಗೆ ಕಾಫಿ ಗಿಡದಿಂದ ಕತ್ತರಿಸಿ ತೆಗೆಯಬೇಕಾದ ಕಂಬಚಿಗುರು ಬಿಟ್ಟು ಬೇರೇನೂ ಕಾಣುವುದಿಲ್ಲ. ವಾರಕ್ಕೆ ಮೂರು ದಿನ, ಬೆಳಕು ಚೆನ್ನಾಗಿ ಹರಿದ ಮೇಲೆ, ಆನೆ ಬಂದ ಸುಳಿವಿಲ್ಲದ ದಿನ, ಮನೆಯ ಸಮೀಪದ ದಾರಿಯಲ್ಲೇ, ಕತ್ತಿಯನ್ನೂ ಫೋನನ್ನೂ ಜಗಲಿಯಲ್ಲಿ ಬಿಟ್ಟು ಇಪ್ಪತ್ತು ನಿಮಿಷ ನಡೆಯಬೇಕೆಂದು ಒಪ್ಪಂದವಾಯಿತು. ಸಂಘಕ್ಕೆ ಹೋಗುವ ಬಸ್ಸಿನಲ್ಲಿ ನಾಲ್ಕು ಎಣಿಸುತ್ತಾ ಉಸಿರು ತೆಗೆದುಕೊಂಡು, ಆರು ಎಣಿಸುತ್ತಾ ನಿಧಾನವಾಗಿ ಬಿಡುವುದು; ಹೊರಬಿಡುವ ಉಸಿರು ದೀರ್ಘವಾದಾಗ ಹೃದಯದ ಬಡಿತ ತಗ್ಗುತ್ತದೆ. ಮಲಗುವ ಮುನ್ನ ಹೆಗಲು ಮತ್ತು ಮುಷ್ಟಿಯನ್ನು ಐದು ಸೆಕೆಂಡ್ ಬಿಗಿಹಿಡಿದು ಸಡಿಲಬಿಡುವ ಅಭ್ಯಾಸ. ಕಳೆದ ಶತಮಾನದ ಆರಂಭದಲ್ಲಿ ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ರೂಪಿಸಿದ ಈ ಕ್ರಮವನ್ನು ಹಲ್ಲು ಕಡಿಯುವವರಿಗೆ ನಾನು ಸಾಮಾನ್ಯವಾಗಿ ಕಲಿಸುತ್ತೇನೆ, ದವಡೆಗೆ ಮಾತ್ರ ಬಿಗಿಯುವುದನ್ನು ಬಿಟ್ಟು ಬರೀ ಸಡಿಲಿಸಲು ಹೇಳುತ್ತೇನೆ.

ಸಂಜೆ ನಾಲ್ಕರ ನಂತರ ಕಾಫಿ ಬೇಡ ಎಂದದ್ದಕ್ಕೆ ಮಾತ್ರ ವಿರೋಧ ಬಂತು. ಕಾಫಿ ಬೆಳೆಯುವವರ ಮನೆಯಲ್ಲಿ ಇದನ್ನು ಹೇಳುವುದು ಸಲಹೆಗಾರರಿಗೂ ಮುಜುಗರವೇ. ಆದರೆ ಅವರು ದಿನಕ್ಕೆ ಕುಡಿಯುತ್ತಿದ್ದ ಆರು ಲೋಟ ಬೆಲ್ಲದ ಕಾಫಿ ಮನೆಯ ರೊಬಸ್ಟಾದ್ದು. ಅರೇಬಿಕಾಗಿಂತ ಅದರಲ್ಲಿ ಕೆಫೀನ್ ಸುಮಾರು ದುಪ್ಪಟ್ಟು, ಅದರ ಅರ್ಧಭಾಗ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಕೊನೆಗೆ ಮೂರು ಲೋಟಕ್ಕೆ ಒಪ್ಪಿದರು.

ಚಿಂತೆಗೆ ಸಂಜೆ ಆರೂವರೆಯಿಂದ ಹದಿನೈದು ನಿಮಿಷ ಗೊತ್ತುಮಾಡಿ, ಒಂದು ನೋಟ್‌ಪುಸ್ತಕದ ಪುಟವನ್ನು ಎರಡು ಭಾಗ ಮಾಡಿ ಬರೆಯಲು ಹೇಳಿದೆ: ನನ್ನ ಕೈಯಲ್ಲಿರುವುದು, ಆಕಾಶದ ಕೈಯಲ್ಲಿರುವುದು. ಬೇರೆ ಹೊತ್ತಿನಲ್ಲಿ ಬಂದ ಚಿಂತೆಗೆ "ಆರೂವರೆಗೆ ಬಾ" ಎನ್ನಬೇಕು. ನಸುಕಿನಲ್ಲಿ ಎಚ್ಚರವಾದಾಗಲೂ ಅದೇ ಉತ್ತರ.

ಮೂರನೆಯ ಭೇಟಿಗೆ ಗಂಡನನ್ನೂ ಅತ್ತೆಯನ್ನೂ ಕರೆಸಿದೆ. "ನಾವೂ ಇದೇ ತೋಟ ಮಾಡಿದವರಲ್ಲವಾ, ಆಗ ಯಾರು ಹೀಗೆ ಮಾತಾಡಿಸಲು ಹೋಗುತ್ತಿದ್ದರು?" ಎಂದು ಅತ್ತೆ ಕೇಳಿದರು. ಅದನ್ನು ಆಕ್ಷೇಪವೆಂದು ತಳ್ಳಿಹಾಕದೆ, ಆಗ ದಿನ ಹೇಗಿತ್ತೆಂದು ವಿವರವಾಗಿ ಕೇಳಿದೆ. ಕಣ ಹರಡಿ ಮಧ್ಯಾಹ್ನ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಂಡು ಕೂರುತ್ತಿದ್ದುದು, ಕತ್ತಲಾದ ಮೇಲೆ ಯಾರೂ ಕರೆಯದಿದ್ದುದು, ಹೇಳುತ್ತಾ ಹೇಳುತ್ತಾ ಅವರೇ ನಿಂತು, "ಇವಳಿಗೆ ಕೂರಲಿಕ್ಕೆ ಜಗಲಿ ಉಂಟು, ಹೊತ್ತಿಲ್ಲ" ಎಂದರು. ಮೇಸ್ತ್ರಿಯ ಫೋನು ಅಂದಿನಿಂದ ಗಂಡನ ಪಾಲಿಗೆ ಬಂತು. ನನ್ನ ಉಪದೇಶಕ್ಕಿಂತ ಆ ಒಂದು ಮಾತೇ ಹೆಚ್ಚು ಕೆಲಸ ಮಾಡಿತು ಎಂದು ನನ್ನ ಅನಿಸಿಕೆ.

ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ರಾತ್ರಿಯ ನಿದ್ದೆ ಐದೂವರೆ ಗಂಟೆಯಷ್ಟಾಗಿತ್ತು, ಎದೆಯ ಬಿಗಿತ ವಾರಕ್ಕೊಮ್ಮೆ ಮಾತ್ರ. ನಡಿಗೆ ವಾರಕ್ಕೆ ಮೂರರ ಬದಲು ಎರಡು ದಿನ ನಡೆಯುತ್ತಿತ್ತು. ಹಲ್ಲು ಕಡಿಯುವುದು ನಿಂತಿಲ್ಲವಾದ್ದರಿಂದ ದಂತವೈದ್ಯರನ್ನು ಕಾಣಲು ಹೇಳಿದೆ. ರಾತ್ರಿ ತೀರಾ ಕಷ್ಟವಾದರೆ ಕರೆ ಮಾಡಲು ಸರ್ಕಾರದ ಟೆಲಿ ಮಾನಸ್ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ 14416 ಅನ್ನು ನೋಟ್‌ಪುಸ್ತಕದ ರಟ್ಟಿನ ಮೇಲೆ ಬರೆಸಿದೆ. ಅವರ ತವರು ಮಕ್ಕಂದೂರಿನ ಕಡೆ. ಅಲ್ಲಿ 2018ರ ಆಗಸ್ಟ್‌ನಲ್ಲಿ ಆದ ಭೂಕುಸಿತದ ನಂತರ ಜೋರು ಮಳೆಯ ಸದ್ದಿಗೆ ಕೈ ತಣ್ಣಗಾಗುತ್ತದೆಂದು ಏಳುವಾಗ ಹೇಳಿದರು. ಅದು ದಿನನಿತ್ಯದ ಒತ್ತಡವಲ್ಲ, ಬೇರೆಯಾಗಿಯೇ ಕುಳಿತು ಮಾತಾಡಬೇಕಾದ ವಿಷಯ. ಮಳೆಗಾಲ ಹಿಡಿಯುವ ಮೊದಲೇ, ಮೇ ಮೂರನೆಯ ವಾರಕ್ಕೆ ಭೇಟಿ ನಿಗದಿ ಮಾಡಿದ್ದೇವೆ.